ಭದ್ರವಾಗಿ ಇಟ್ಟ ಬೆಂಡೋಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ವಸ್ತು ಕಳೆದುಕೊಳ್ಳುವವಳಲ್ಲ, ಭದ್ರವಾಗಿ ಇಡುವವಳು. ಎಷ್ಟು ಭದ್ರ ಎಂದರೆ ಕಳ್ಳನಿಗೂ ಸಿಗಬಾರದು, ನನಗೂ ಸಿಗಬಾರದು.

ಲೋಕಲ್ ಟ್ರೇನಿನ ಪಾಸು ಫ್ರಿಜ್ಜಿನ ಮೇಲೆ ಸಿಕ್ಕಿದೆ. ಮೊಬೈಲು ಫ್ರಿಜ್ಜಿನ ಒಳಗೇ, ಬೆಂಡೆಕಾಯಿ ಜೊತೆ ಸಿಕ್ಕಿದೆ. ಕನ್ನಡಕದ ಕಥೆ ಬೇಡ (ತಲೆಯ ಮೇಲೇ ಇತ್ತು, ನಗಬೇಡಿ). ಎಲ್ಲ ಸಿಕ್ಕಿತಲ್ಲ? ಮತ್ತೆ ಕಳೆದದ್ದು ಹೇಗಾಗುತ್ತದೆ?

ಆದರೆ ಕಳೆದ ವಾರ ಸಿಗದೇ ಹೋದದ್ದು ಅತ್ತೆಯ ಬೆಂಡೋಲೆ.

ನನ್ನ ಮದುವೆಯ ದಿನ ಅತ್ತೆ ತಮ್ಮ ಕಿವಿಯಿಂದಲೇ ಬಿಚ್ಚಿ ನನ್ನ ಕಿವಿಗೆ ಹಾಕಿದ್ದು ಅದು. ಈಗ ಅವರು ಆಂಟಾಪ್ ಹಿಲ್‌ನಲ್ಲಿ ಭಾವನ ಮನೆಯಲ್ಲಿದ್ದಾರೆ. ಭಾನುವಾರ ಅಲ್ಲಿ ಭಾವನ ಮಗಳ ನಿಶ್ಚಿತಾರ್ಥ. ಅತ್ತೆಗೆ ಕಣ್ಣು ಮಂಜು. ಹಾಗಾಗಿ ಯಾವ ಫಂಕ್ಷನ್ನಿಗೆ ಹೋದರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿವಿ ಮುಟ್ಟಿ ನೋಡುತ್ತಾರೆ. "ಹಾಂ, ಉಂಟು" ಎನ್ನುತ್ತಾರೆ. ಆಮೇಲೆಯೇ ಕುಶಲ ವಿಚಾರ. ಬರಿಗಿವಿ ಕೈಗೆ ಸಿಕ್ಕಿದರೆ ಏನೆನ್ನುತ್ತಾರೆ? ಏನೂ ಅನ್ನುವುದಿಲ್ಲ. ನನಗೆ ಅದೇ ಹೆದರಿಕೆ.

ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುಂಚೆ ಚಿನ್ನ ಬಚ್ಚಿಡುವ ಕಾರ್ಯಕ್ರಮ ಮುಂಬೈಯ ನಮ್ಮವರಿಗೆಲ್ಲ ಗೊತ್ತಿದ್ದದ್ದೇ. ಟ್ರೇನಿನಲ್ಲಿ ಒಯ್ಯಲು ಧೈರ್ಯವಿಲ್ಲ. ಕಪಾಟು ಕಳ್ಳ ಮೊದಲು ನೋಡುವ ಜಾಗ. ಉಳಿದದ್ದು ಅಡುಗೆಮನೆ. ನಾನು ವರ್ಷವರ್ಷವೂ ಡಬ್ಬಿ ಬದಲಾಯಿಸುತ್ತೇನೆ. ಈ ಸಲ ಉದ್ದಿನ ಡಬ್ಬಿ. ದೇವರಾಣೆ, ಉದ್ದಿನ ಡಬ್ಬಿ!

ಬುಧವಾರ ಸುರಿದು ನೋಡಿದರೆ ಬರೀ ಉದ್ದು.

ಮನೆಯಲ್ಲಿ ಇರುವುದು ಗಂಡ ಹೆಂಡತಿ ನಾವಿಬ್ಬರೇ. ನಾನಲ್ಲ ಎಂದಮೇಲೆ ಇನ್ಯಾರು? "ನೀವೇ ತೆಗೆದು ಎಲ್ಲೋ ಇಟ್ಟಿದ್ದೀರಿ" ಎಂದೆ ಇವರಿಗೆ.

ಇವರು ಗೋರೆಗಾಂವಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವವರು. ಗಿರಾಕಿಗಳು ಬಿಟ್ಟುಹೋದ ಕೊಡೆ, ಟಿಫಿನ್, ಒಮ್ಮೆ ಹಲ್ಲಿನ ಸೆಟ್ಟು ಕೂಡ (ನಿಜ!) ಎತ್ತಿಟ್ಟು ವಾಪಸು ಕೊಟ್ಟವರು.

"ನಾನು ಬೆಂಡೋಲೆ ಹಾಕಿಕೊಂಡು ಗಲ್ಲಾದಲ್ಲಿ ಕೂರುವುದಾ ಮಾರಾಯ್ತಿ?" ಎಂದು ನಕ್ಕರು.

ನಾನು ನಗಲಿಲ್ಲ. ಇವರು ಕಳೆದ ಗೀಸರಿನ ವಾರಂಟಿ ಕಾರ್ಡಿನಿಂದ ಹಿಡಿದು ಹಳೆಯ ಜಗಳವೆಲ್ಲ ತೆಗೆದೆ. ಕೊನೆಗೆ ಇವರು ಸಣ್ಣ ದನಿಯಲ್ಲಿ, "ಇಷ್ಟು ವರ್ಷದಲ್ಲಿ ನಿನ್ನ ಒಂದು ಸೂಜಿಯನ್ನಾದರೂ ಮುಟ್ಟಿದ್ದೇನಾ?" ಎಂದರು. ಅಲ್ಲಿಗೆ ಮಾತು ಬಂದ್.

ಗುರುವಾರ ಸಂಜೆ ಬೆಲ್ ಆಯಿತು. ಎದುರು ಫ್ಲ್ಯಾಟಿನ ಮರಾಠಿ ವಹಿನಿ, ಅಂದರೆ ನಮ್ಮ ಲೆಕ್ಕದಲ್ಲಿ ಅತ್ತಿಗೆ. ಜೂನಿನಲ್ಲಿ ಊರಿಂದ ಬಂದವಳೇ ನಾನು ಅವರಿಗೆ ಹಲಸಿನ ಹಪ್ಪಳ ಕೊಟ್ಟಿದ್ದೆನಲ್ಲ, ಆ ಸ್ಟೀಲ್ ಡಬ್ಬಿ ಅವರ ಕೈಯಲ್ಲಿತ್ತು. ಈಗ ಅದರ ತುಂಬ ಸಕ್ಕರೆ ಹಾಕಿ ಕರಿದ ಶಂಕರಪಾಳಿ. "ಸಾರಿ ಹಾಂ ಭಾಭಿ, ಲೇಟ್ ಹೋ ಗಯಾ. ಖಾಲೀ ಡಬ್ಬಾ ಕೈಸೇ ದೇತೀ?" ಎಂದರು. ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಡಬ್ಬಿ ಖಾಲಿ ಹಿಂದಿರುಗಿಸುವುದಿಲ್ಲ. ಹುಡುಕುವ ಗಡಿಬಿಡಿಯಲ್ಲಿ ನಾನು ಅದನ್ನು ಶೆಲ್ಫಿನಲ್ಲಿ ಇಟ್ಟು ಮರೆತೆ. ಮತ್ತೆ ಎರಡು ದಿನ ಅಕ್ಕಿ, ಅವಲಕ್ಕಿ, ಮೆಂತ್ಯ ಎಲ್ಲ ಸುರಿದು ನೋಡಿದೆ.

ಭಾನುವಾರ ಬೆಳಿಗ್ಗೆ. ನಾನು ನಕಲಿ ಓಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಇವರು ನಾನು ಮಾಡಿದ ಉಪ್ಪಿಟ್ಟು ಮುಟ್ಟಲಿಲ್ಲ. ಸಿಟ್ಟಿನಲ್ಲಿ ಚಹಾದ ಜೊತೆ ಶಂಕರಪಾಳಿಯನ್ನೇ ತಿನ್ನುತ್ತಿದ್ದರು. ನಾಲ್ಕು ದಿನದ ಸಿಟ್ಟು, ಡಬ್ಬಿಯ ತಳ ಕಂಡಿತು. ಅಡಿಯಲ್ಲಿ ಹಾಸಿದ ಪೇಪರು ಕನ್ನಡದ್ದು. ವಡೆ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುವ ಮನುಷ್ಯ ಇವರು, ಬಿಡುತ್ತಾರೆಯೇ? ಎಳೆದು ತೆಗೆದರು.

ಪೇಪರಿನ ಕೆಳಗೆ ಹತ್ತಿ. ಹತ್ತಿಯೊಳಗೆ ಬೆಂಡೋಲೆ.

ಆಗ ನೆನಪಾಯಿತು ನೋಡಿ! ಈ ಸಲ ಉದ್ದಿನ ಡಬ್ಬಿಯಲ್ಲ. ಖಾಲಿ ಡಬ್ಬಿಯಲ್ಲಿ ಓಲೆ ಇಟ್ಟು, ಮೇಲೆ ಪೇಪರು ಹಾಸಿ, ಖಾಲಿಯಂತೆಯೇ ಕಾಣುವ ಹಾಗೆ ಮಾಡಿದ್ದೆ. ಊರಿಂದ ಬಂದಾಗ 'ಆಹಾ, ಪೇಪರು ಹಾಸಿ ರೆಡಿ ಇದೆ' ಎಂದು ಅದೇ ಡಬ್ಬಿಗೆ ಹಪ್ಪಳ ತುಂಬಿ ವಹಿನಿಗೆ ಕೊಟ್ಟವಳು ನಾನೇ. ಪುಣ್ಯಾತ್ಗಿತ್ತಿ ಆ ಪೇಪರು ಬದಲಾಯಿಸಲಿಲ್ಲ. ಚಿನ್ನ ಎದುರು ಮನೆಗೆ ಹೋಗಿ, ಇದ್ದು, ಶಂಕರಪಾಳಿ ಹೊತ್ತುಕೊಂಡು ಮನೆಗೆ ಬಂದಿತ್ತು.

ಇವರು ಅದನ್ನು ಅಂಗೈಯಲ್ಲಿಟ್ಟು ಚಾಚಿದರು. ನಾನು ನಕಲಿ ಓಲೆ ಬಿಚ್ಚಿ ಅದನ್ನು ಹಾಕಿಕೊಂಡೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಆಂಟಾಪ್ ಹಿಲ್‌ನಲ್ಲಿ ಅತ್ತೆ ಕಿವಿ ಮುಟ್ಟಿದರು. "ಹಾಂ, ಉಂಟು" ಎಂದರು. ಮತ್ತೆ ಬೆರಳು ಉಜ್ಜಿ, "ಎಂಥದು ಇದು, ಸಕ್ಕರೆಯಾ?" ಎಂದರು. ಮನೆಯವರೆಲ್ಲ ತಿರುಗಿ ನೋಡಿದರು. ಇವರು ನಿಜ ಹೇಳಿಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಇವರು, "ಬರುವಾಗ ಸ್ವೀಟ್ ಕಟ್ಟಿಸಿದೆವು ಅಮ್ಮಾ, ಅದರದ್ದು" ಎಂದರು.

ಮನೆಯಲ್ಲಿ ಏನು ಕಾಣದಿದ್ದರೂ ನಮ್ಮ ಕಣ್ಣು ಮೊದಲು ಹತ್ತಿರದವರ ಮೇಲೇ ಯಾಕೆ ಹೋಗುತ್ತದೆ? ವಹಿನಿಗೆ ಒಂದು ಡಬ್ಬಿ ತಡವಾದದ್ದಕ್ಕೆ 'ಸಾರಿ' ಎಷ್ಟು ಸಲೀಸಾಗಿ ಬಂತು! ಇವರಿಗೆ ಹೇಳಬೇಕಾದ ನನ್ನದೊಂದು 'ಸಾರಿ' ಇದೆ. ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ.

ಅದನ್ನು ಬಹಳ ಭದ್ರವಾಗಿ ಇಟ್ಟಿದ್ದೇನೆ ಅಂತ ಕಾಣುತ್ತದೆ.