ನೀರು ಸೋಸುವ ಬಟ್ಟೆ

ಗೆಳೆಯನೊಬ್ಬ ಫ್ರಾನ್ಸಿನಿಂದ ತಂದುಕೊಟ್ಟ ಕೆಂಪು ವೈನ್ ಬಾಟಲಿಯನ್ನು ತೇರದಾಳದ ನಮ್ಮ ಮನೆಯಲ್ಲಿ ಕಪಾಟಿನ ಬಟ್ಟೆಗಳ ಹಿಂದೆ ಅಡಗಿಸಿಟ್ಟಿದ್ದೆ. ಚೀಟಿಯ ಮೇಲಿನ ಇಸವಿ ತೋರಿಸಿ, "ಆ ವರ್ಷದ ದ್ರಾಕ್ಷಿ ಭಾಳ ಛಲೋ ಇತ್ತು" ಎಂದಿದ್ದ. ನಮ್ಮದು ಜೈನರ ಮನೆ; ಜೇನುತುಪ್ಪವನ್ನೂ ಒಳಗೆ ಬಿಡುವುದಿಲ್ಲ. ಅವ್ವ ಬಸದಿಗೆ ಹೋದ ಒಂದು ಮಧ್ಯಾಹ್ನ ನಾನೂ ಹೆಂಡತಿಯೂ ಬಾಗಿಲಿಕ್ಕಿಕೊಂಡು ಅದನ್ನು ತೆರೆದೆವು. ತಳದಲ್ಲಿ ಗಸಿ ಕಂಡದ್ದೇ ತಡ, ಸೋಸದ ನೀರನ್ನೇ ಕುಡಿಯದೆ ಬೆಳೆದ ಇವಳು ಅವ್ವನ ನೀರು ಸೋಸುವ ಬಿಳಿ ಬಟ್ಟೆಯಲ್ಲಿ ವೈನನ್ನು ಸೋಸಿಬಿಟ್ಟಳು.

ಎಂಥ ರುಚಿ! ನೇರಳೆ ಹಣ್ಣಿನ ಒಗರು, ಮೆಣಸಿನ ಘಾಟು. ಗಂಟಲಿಳಿದರೂ ನಾಲಗೆ ಬಿಡಲೊಲ್ಲದು. ಎರಡನೇ ಲೋಟ ಸುರಿಯುವಾಗ ಬಟ್ಟೆ ನೋಡಿದೆ. ನಡುವೆ ಕಡುಗೆಂಪು ಕಲೆ. ಸಾಬೂನು, ನಿಂಬೆಹಣ್ಣು ಹಾಕಿ ತಿಕ್ಕಿದಷ್ಟೂ ಕಲೆ ಹರಡಿತು. ಹೊತ್ತು ಮುಳುಗುವುದರೊಳಗೆ ಅವ್ವ ಊಟಕ್ಕೆ ಬರುವವಳು. ಬಂದೇಬಿಟ್ಟಳು.

ಹಸಿ ಬಟ್ಟೆ ಕಂಡವಳೇ ನನ್ನ ಕೈ ಹಿಡಿದಳು. "ರಗತ ಏನಲೇ? ಎಲ್ಲಿ ಕೊಯ್ಕೊಂಡಿ?"

ಬೆರಳು ಬೆರಳನ್ನೂ ಹೊರಳಿಸಿ ಗಾಯ ಹುಡುಕಿದಳು. ವಾಸನೆ ಬಂದೀತೆಂದು ನಾನು ತುಟಿ ಬಿಗಿಹಿಡಿದೆ. ಅವ್ವನ ಮುಖ ಬಿಳಿಚಿತು.

"ಬಾಯಾಗಿಂದ ಬಂತೇನೋ? ಬಾಯಿ ತಗಿ, ನೋಡ್ತೀನಿ."