ಮಾವನ ಪಟಕ್ಕೆ ಗಂಜಿ

ನಾನು ಮದುವೆಯಾಗಿ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದ ಮೂರನೆಯ ವರ್ಷ ನಮ್ಮ ಪಡಸಾಲೆಯ ಒಂದು ಗೋಡೆ ಕುಸಿಯಿತು. ಅದನ್ನು ಹೊಸದಾಗಿ ಎಬ್ಬಿಸಬೇಕಾಯಿತು. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಮಣ್ಣಿನ ಗೋಡೆ, ಮೇಲೆ ಸುಣ್ಣ, ಕೆಳಗೆ ಮೊಳದೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಬಾಗಿಲು ದಾಟಿ ಒಳಗೆ ಬಂದವರ ಕಣ್ಣು ಮೊದಲು ಬೀಳುವುದೇ ಆ ಗೋಡೆಯ ಮೇಲೆ. ಸುಣ್ಣ ಒಣಗಿದ ಮೇಲೆ ಅದು ಎಷ್ಟು ಬಿಳಿಯಾಗಿ ಕಾಣುತ್ತಿತ್ತೆಂದರೆ ಮನೆಯ ಉಳಿದ ಮೂರು ಗೋಡೆಗಳು ಇನ್ನಷ್ಟು ಹಳತಾದವು.

ಅದರ ಮೇಲೆ ಪಟಗಳನ್ನು ಹಾಕಬೇಕು ಅಂತ ನನಗೆ ಆಸೆ ಹುಟ್ಟಿತು. ಶಾನುಭೋಗರ ಮನೆಯಲ್ಲಿ ಗಾಜು ಹಾಕಿದ ದೇವರ ಪಟಗಳು ಸಾಲಾಗಿ ಇದ್ದವು. ಅಂಥವನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆದರೆ ನಮ್ಮ ಮನೆಯವರು ಕೆಲಸಕ್ಕಿದ್ದದ್ದು ಬಟ್ಟೆ ಅಂಗಡಿಯಲ್ಲಿ. ಗಿರಣಿ ಬಟ್ಟೆಯ ಒಂದೊಂದು ಥಾನಿನ ಮೇಲೂ ಬಣ್ಣಬಣ್ಣದ ಚಿತ್ರದ ಚೀಟಿ ಅಂಟಿಸಿ ಕಳಿಸುತ್ತಿದ್ದ ಕಾಲ ಅದು. ಥಾನು ಕತ್ತರಿಸಿ ಮುಗಿದ ಮೇಲೆ ಚೀಟಿ ಕಸ. ಅಂಗಡಿಯ ಯಜಮಾನರಿಗೆ ಹೇಳಿ ಇವರು ಅವನ್ನು ಮನೆಗೆ ತರತೊಡಗಿದರು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಚೀಟಿ ಅಂಟಿದ ತುಂಡನ್ನು ನೆನೆಸಿಟ್ಟರೆ ಹೊತ್ತು ನೆತ್ತಿಗೇರುವಷ್ಟರಲ್ಲಿ ಚೀಟಿ ತಾನೇ ಬಿಟ್ಟು ಮೇಲೆ ತೇಲುತ್ತಿತ್ತು. ಕಮಲದ ಮೇಲೆ ಕೂತ ಲಕ್ಷ್ಮಿ, ಗಿಳಿ ಹಿಡಿದ ಹೆಂಗಸು, ಎರಡು ಹುಲಿ, ಹೊಗೆ ಬಿಡುವ ಹಡಗು. ಮೂರು ತಿಂಗಳಿಗೆ ಹದಿನಾಲ್ಕು ಚೀಟಿಗಳಾದವು.

ನಮ್ಮತ್ತೆ ಜೋಳ ಕೇರುತ್ತಾ ನೋಡುತ್ತಿದ್ದರು.

"ಹಡಗು ಕಂಡೋರು ಯಾರವ್ರೆ ನಮ್ಮನೇಲಿ? ಅದೇನಾರ ಚಳ್ಳಕೆರೆಗೆ ಬಂದ್ರೆ ಎಲ್ಲಿ ಕಟ್ಟಾಕ್ತೀಯ, ನಮ್ಮ ಹಿತ್ಲಾಗಾ?"

"ಕೆರೆ ಐತಲ್ಲ ಅತ್ತೆ."

"ಕೆರೆ ಐತೆ. ನೀರೆಲ್ಲೈತೆ?"

ನಾನು ನೇಕಾರರ ಮನೆಯ ಮಗಳು. ತವರಿಗೆ ಹೋದಾಗ ಅಪ್ಪನ ಮಗ್ಗದಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಬಿದಿರಿನ ಹಣಿಗೆಗಳನ್ನು ಕೇಳಿ ತಂದಿದ್ದೆ. ಹಣಿಗೆ ಅಂದರೆ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬೇರೆ ಬೇರೆ ಇಡುವ ಬಾಚಣಿಗೆಯಂಥದ್ದು. ಅದರ ಮೇಲಿನ ಕೆಳಗಿನ ದಬ್ಬೆಗಳನ್ನು ಬಿಡಿಸಿದರೆ ಪಟಕ್ಕೆ ಕಟ್ಟು ಹಾಕುವಂಥ ಸಣ್ಣ ನುಣುಪಾದ ಕಡ್ಡಿಗಳು ಸಿಗುತ್ತವೆ. ಮೂಲೆಗಳನ್ನು ರೇಷ್ಮೆಯ ತುಂಡು ನೂಲಿನಿಂದ ಬಿಗಿದೆ. ಹಿಂದಕ್ಕೆ ಅಂಗಡಿಯ ರಟ್ಟು. ಅಂಟಿಗೆ ನಮ್ಮ ತವರಿನ ಅಕ್ಕಿ ಗಂಜಿ.

ಈ ಗಂಜಿಯ ವಿಷಯ ಸ್ವಲ್ಪ ಹೇಳಬೇಕು. ನೂಲಿಗೆ ಗಂಜಿ ಹಾಕುವುದೆಂದರೆ ಬರೀ ಮೆತ್ತುವುದಲ್ಲ. ಬಿಸಿಯಿರುವಾಗಲೇ ಕುಂಚದಿಂದ ಒಂದೇ ದಿಕ್ಕಿಗೆ ಎಳೆದು, ಮೇಲೂ ಕೆಳಗೂ ಎಲ್ಲ ಕಡೆ ಹತ್ತಿಸಬೇಕು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಬಿಟ್ಟರೆ ನೂಲು ಸುರುಟಿಕೊಳ್ಳುತ್ತದೆ. ನಾನು ಚೀಟಿಗಳಿಗೂ ಹಾಗೇ ಮಾಡಿದೆ. ಹಿಂದೆ ಹಚ್ಚಿ ರಟ್ಟಿಗೆ ಅಂಟಿಸಿ, ಮುಂದೆಯೂ ತೆಳ್ಳಗೆ ಒಂದು ಸಲ ಕುಂಚ ಎಳೆದೆ. ಒಣಗಿದ ಮೇಲೆ ಗರಿಗರಿಯಾಗಿ ಹೊಳೆಯುತ್ತಿದ್ದವು. ಗಾಜೇ ಬೇಡವಾಯಿತು.

"ಅಕ್ಕಿ ಗಂಜಿಗೆ ಜಿರಲೆ ಬರ್ತಾವೆ" ಅಂದರು ಅತ್ತೆ. "ಇಲ್ಲಿ ಕಂಬಳಿ ನೇಯೋರು ಹುಣಸೆ ಬೀಜ ಅರೆದು ಕಾಯ್ಸಿದ ಸರಿ ಹಾಕ್ತಾರೆ. ಅದನ್ನ ಯಾವ ಹುಳಾನೂ ಮುಟ್ಟಲ್ಲ."

"ಅದು ಕಂಬಳಿಗೆ ಅತ್ತೆ. ಕೆಂಪಗೆ ಕಲೆ ಆಗ್ತೈತೆ."

"ಹೂಂ, ನಿಮ್ಮದು ರೇಷ್ಮೆ ಜಾತಿ" ಎಂದು ಮೊರ ತಿರುವಿ ಹೊಟ್ಟು ಊದಿದರು.

ಗೋಡೆಗೆ ಏರಿಸುವ ಮೊದಲು ಎಲ್ಲವನ್ನೂ ಚಾಪೆಯ ಮೇಲೆ ಹರಡಿ ಜೋಡಿಸಿ ನೋಡಿದೆ. ಸಣ್ಣವು ಅಂಚಿಗೆ, ದೊಡ್ಡವು ಒಳಗೆ. ಹುಲಿಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಂತೆ ಆದಾಗ ಅದಲು ಬದಲು ಮಾಡಿದೆ. ರಂಗೋಲಿ ಹಾಕುವಾಗ ಚುಕ್ಕಿಗಳ ನಡುವೆ ಬೆರಳಿಟ್ಟು ಅಳೆಯುವ ಹಾಗೆ ನಾಲ್ಕು ನಾಲ್ಕು ಬೆರಳು ಸಂದು ಬಿಟ್ಟೆ. ನಡುವೆ ದೊಡ್ಡ ಪಟವೊಂದಕ್ಕೆ ಜಾಗ ಉಳಿಯಿತು. ಲಕ್ಷ್ಮಿಯನ್ನು ಅಲ್ಲಿಗೆ ಸರಿಸುತ್ತಿದ್ದಾಗ ಇವರು ಊಟಕ್ಕೆ ಬಂದವರು ನಿಂತು ನೋಡಿ, "ಆ ಜಾಗ ಹಂಗೇ ಇರ್ಲಿ" ಅಂದರು. ಆಮೇಲೆ ಒಳಗೆ ತಿರುಗಿ, "ಅವ್ವ, ಅಪ್ಪಂದು ಕೊಡ್ತೀಯಾ?" ಎಂದು ಕೇಳಿದರು.

ಅತ್ತೆ ಪೆಟ್ಟಿಗೆ ಇದ್ದ ಮೂಲೆಯ ಕಡೆ ನೋಡಿದರು.

ನಮ್ಮ ಮಾವ ಕಂಬಳಿ ವ್ಯಾಪಾರ ಮಾಡುತ್ತಿದ್ದವರು. ಇವರು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಜ್ವರ ಬಂದು ತೀರಿಕೊಂಡರು. ಇವರಿಗೆ ಅಪ್ಪನ ನೆನಪು ಒಂದೆಳೆಯೂ ಇಲ್ಲ. ಇದ್ದದ್ದು ಒಂದು ಫೋಟೋ. ಬಳ್ಳಾರಿ ಕಡೆಯ ಫೋಟೋದವನೊಬ್ಬ ಸಂತೆಯಲ್ಲಿ ಗುಡಾರ ಹಾಕಿದ್ದಾಗ, ಮಾವ ಮತ್ತು ಅವರ ಜೊತೆ ವ್ಯಾಪಾರ ಮಾಡುತ್ತಿದ್ದ ಒಬ್ಬ ಮುಸಲ್ಮಾನ ಸಾಹೇಬರು ಪಕ್ಕಪಕ್ಕ ಕುರ್ಚಿಯಲ್ಲಿ ಕೂತು ತೆಗೆಸಿಕೊಂಡದ್ದು. ಅತ್ತೆ ಅದನ್ನು ಪೆಟ್ಟಿಗೆಯಲ್ಲಿ ಮಡಿಬಟ್ಟೆ ಸುತ್ತಿ ಇಟ್ಟಿದ್ದರು. ವರ್ಷಕ್ಕೊಂದು ಸಲ, ಪಿತೃಪಕ್ಷದ ಅಮಾವಾಸ್ಯೆಯ ದಿನ ಹೊರಗೆ ತೆಗೆದು ಎಡೆಯ ಮುಂದೆ ಇಟ್ಟು, ಮಗನಿಗೆ "ನಿಮ್ಮಪ್ಪ" ಅಂತ ತೋರಿಸಿ ಮತ್ತೆ ಸುತ್ತಿಡುತ್ತಿದ್ದರು. ಹಾಗೆ ವರ್ಷಕ್ಕೊಂದು ಸಲ ಅಪ್ಪನನ್ನು ನೋಡುತ್ತಾ ಇವರು ದೊಡ್ಡವರಾದದ್ದು.

ಕೊನೆಗೆ ಅತ್ತೆ ಫೋಟೋ ತಂದು ನನ್ನ ಕೈಗಿಟ್ಟರು. "ಜ್ವಾಪಾನ" ಅಂದರು, ಅಷ್ಟೇ. ಇವರು ಅಂಗಡಿಯ ಹಳೆ ಪೆಟ್ಟಿಗೆಯ ಗಾಜೊಂದನ್ನು ಕೇಳಿ ತರುತ್ತೇನೆಂದು ಹೋದರು.

ಮಧ್ಯಾಹ್ನ ಗಂಜಿ ಕಾಯಿಸಿದೆ. ಫೋಟೋದ ಹಿಂದೆ ಹಚ್ಚಿ ರಟ್ಟಿಗೆ ಕೂರಿಸಿದೆ. ಅಂಚುಗಳು ಸುರುಟಿಕೊಳ್ಳತೊಡಗಿದವು. ಮುಂದೆ ಹಚ್ಚಿಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ಹದಿನಾಲ್ಕು ಚೀಟಿಗೆ ಮಾಡಿದ ಕೈ. ಕುಂಚವನ್ನು ಬಿಸಿ ಗಂಜಿಯಲ್ಲಿ ಅದ್ದಿ ಬಲಗಡೆಯಿಂದ ಎಳೆದೆ. ಬಲಗಡೆ ಕೂತವರು ಮಾವ. ಕುಂಚದ ಜೊತೆಯಲ್ಲೇ ಹಾಲಿನ ಕೆನೆ ಬಂದಂತೆ, ಬಿಸಿಗೆ ಮೆತ್ತಗಾದ ಫೋಟೋದ ಪೊರೆ ಮಡಿಸಿಕೊಂಡು ಬಂತು. ಕೈ ನಿಲ್ಲಿಸುವ ಹೊತ್ತಿಗೆ ಪೇಟದಿಂದ ಗದ್ದದವರೆಗೆ ಬರೀ ಬಿಳಿ ಕಾಗದ. ಕುಂಚದ ತುದಿಯಲ್ಲಿ ಕಂದು ಬಣ್ಣದ ಮುದ್ದೆ. ಎಡಗಡೆಯ ಸಾಹೇಬರು ಕಪ್ಪು ಗಡ್ಡ ಬಿಟ್ಟುಕೊಂಡು ಹಾಗೇ ಕೂತಿದ್ದರು.

ಅತ್ತೆ ಬಂದು ನೋಡಿದರು. ನಾನು ಫೋಟೋವನ್ನು ಮುಂದಕ್ಕೆ ಹಿಡಿದೆ. ಅವರು ಕೆಳಗೆ ಕೂತು ಅದನ್ನು ಬೆಳಕಿಗೆ ಓರೆ ಮಾಡಿ ನೋಡಿದರು.

"ಮುಖಾನೇ ಹೋಗೈತಲ್ಲೇ."

"ತಪ್ಪಾಯ್ತು ಅತ್ತೆ."

"ನಂಗೇನು, ಆ ಮುಖ ನಾನು ಮರೆಯೋದಲ್ಲ. ಮರೆಯಾಕೆ ಅವನು ನೋಡೇ ಇಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಬಂದಾಗ ನೀನೇ ಹೇಳು. ನಾನು ಹೇಳಿದ್ರೆ ಸೊಸೆ ಮ್ಯಾಲೆ ಚಾಡಿ ಹೇಳ್ದಂಗಾಗ್ತೈತೆ."

ಇವರು ಸಂಜೆ ಗಾಜನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಂದರು. ನಾನು ಬಾಗಿಲಲ್ಲೇ ಹೇಳಿದೆ. ಬೈದಿದ್ದರೆ ಸಲೀಸಾಗಿರುತ್ತಿತ್ತು. ಗಾಜನ್ನು ಗೋಡೆಗೆ ಒರಗಿಸಿಟ್ಟು, ಫೋಟೋ ತೆಗೆದುಕೊಂಡು ಜಗಲಿಯ ಮೇಲೆ ಕೂತರು. ಆ ಬಿಳಿ ಜಾಗವನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. ರೊಟ್ಟಿ ಬಡಿಸಿದೆ, ತಿಂದರು. "ಚಟ್ನಿ ಬೇಕೇನು?" ಅಂದರೆ "ಬ್ಯಾಡ" ಅಂದರು. ಹೀಗೇ ಎಂಟು ದಿನ. ಉಳಿದ ಪಟಗಳನ್ನು ಗೂಟಕ್ಕೆ ತೂಗುಹಾಕಿದ್ದೆ. ನಡುವೆ ಮೊಳದಗಲ ಸುಣ್ಣದ ಗೋಡೆ ಹಾಗೇ ಇತ್ತು. ಇವರು ಅಂಗಡಿಗೆ ಹೊರಡುವಾಗ ಅದರ ಕಡೆ ನೋಡದೆ ಹೋಗುತ್ತಿದ್ದರು.

ಒಂಬತ್ತನೆಯ ದಿನ ಅತ್ತೆ ರಾಗಿ ಬೀಸುತ್ತಿದ್ದವರು ಕಲ್ಲು ನಿಲ್ಲಿಸಿ, "ಫೋಟೋದವನು ಎರಡು ಕೊಟ್ಟಿದ್ದ ಕಣೋ" ಅಂದರು. "ಒಂದು ನಮಗೆ, ಒಂದು ಸಾಬ್ರಿಗೆ. ನಿಮ್ಮಪ್ಪ ಹೋದ ಮ್ಯಾಲೆ ಅವರು ಮೊಳಕಾಲ್ಮೂರಿಗೆ ಹೋಗಿಬಿಟ್ರು. ಬದುಕವ್ರೋ ಇಲ್ವೋ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅವ್ವ?"

"ಇಪ್ಪತ್ತು ವರ್ಷ ಆಯ್ತು. ಗಂಡ ಸತ್ತೋಳು ನಾನು ಯಾವ ಸಾಬ್ರ ಮನೆ ಹುಡುಕ್ಕೊಂಡು ಹೋಗ್ಲಿ? ಸಿಗದಿದ್ರೆ ನಿಂಗೆ ಇನ್ನೊಂದ್ಸಲ ನೋವು ಅಂತ ಸುಮ್ಕಿದ್ದೆ."

ಅಂಗಡಿಯಲ್ಲಿ ರಜ ಕೇಳಿ, ಮೊಳಕಾಲ್ಮೂರಿನ ಕಡೆ ಹೊರಟಿದ್ದ ಗಾಡಿಯೊಂದರಲ್ಲಿ ಇವರೂ ನಾನೂ ಹೋದೆವು. ತವರು ಮುಟ್ಟಿ, ಮುಖ ಹೋದ ಫೋಟೋವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತೇ ನೋಡಿ, "ಅಯ್ಯೋ, ಇವರು ಸಂತೆ ಬಯಲು ಹತ್ರ ಇರೋ ಕಂಬಳಿ ಸಾಬ್ರಲ್ಲವಾ? ಈಗ ಗಡ್ಡ ಹತ್ತಿ ಆಗೈತೆ" ಅಂದರು. ಆಮೇಲೆ ಪಕ್ಕದ ಬಿಳಿ ಜಾಗ ಕಂಡು ನನ್ನ ಕಡೆ ನೋಡಿದರು. "ಬಿಸಿ ಗಂಜಿನಾ?"

"ಹೂಂ."

"ಎರಡೂ ಕಡೆ?"

"ಹೂಂ."

"ನಾನೇ ಕಲಿಸಿದ್ದು" ಎಂದು ಲಾಳಿ ಕೈಗೆತ್ತಿಕೊಂಡರು.

ಸಾಹೇಬರ ಮನೆಯಲ್ಲಿ ನನ್ನನ್ನು ಅವರ ಹೆಂಡತಿ ಒಳಗೆ ಕರೆದು ಕೂರಿಸಿಕೊಂಡರು. ಚಾಪೆಯ ಪರದೆಯ ಆಚೆ ಗಂಡಸರ ಮಾತು ಕೇಳುತ್ತಿತ್ತು. ಇವರು ಯಾರ ಮಗನೆಂದು ಹೇಳಿದ ಮೇಲೆ ಮುದುಕರು ಎದ್ದು ಹತ್ತಿರ ಬಂದ ಸದ್ದಾಯಿತು.

"ನಿನ್ನ ಈ ಕೈ ಮ್ಯಾಲೆ ಎತ್ತಿ ಆಡಿಸೀನಿ ಬೇಟಾ. ನನ್ನ ಗಡ್ಡ ಕಿತ್ತಿದ್ದೆ ನೀನು."

ಇವರು ಬಂದ ವಿಷಯ ಹೇಳಿದರು. ಹೆಂಡತಿ ಕೆಡಿಸಿದಳು ಅಂತ ಹೇಳಲಿಲ್ಲ. "ಕೆಟ್ಟೋಯ್ತು" ಅಂದರು. ಸಾಹೇಬರ ಹೆಂಡತಿ ಎದ್ದು, ಬೀಗ ತೆಗೆದು ಟ್ರಂಕಿನ ಅಡಿಯಿಂದ ಒಂದು ರಟ್ಟು ತೆಗೆದರು. ನನ್ನ ಮುಂದೆಯೇ ಸುತ್ತಿದ ಬಟ್ಟೆ ಬಿಚ್ಚಿದರು. ಫೋಟೋದಲ್ಲಿ ಇಬ್ಬರೂ ಇದ್ದರು. ನಾನು ಅದನ್ನು ಮುಟ್ಟಲಿಲ್ಲ. ಅವರೇ ಪರದೆಯ ಸಂದಿನಿಂದ ಹೊರಗೆ ಕೊಟ್ಟರು.

"ತಗೊಂಡೋಗು" ಅಂದರು ಸಾಹೇಬರು. "ನಮಾಜ್ ಮಾಡೋ ಮನೆ, ಗೋಡೆಗೆ ಹಾಕಂಗಿಲ್ಲ. ಟ್ರಂಕ್‌ನಾಗೆ ಬಿದ್ದೈತೆ. ನಿಮ್ಮನ್ಯಾಗೆ ಬೆಳಕಾರ ಕಾಣ್ಲಿ. ಆದ್ರೆ ಒಂದು ಮಾತು. ಅಪ್ಪ ಒಬ್ಬನೇ ಸಾಕು ಅಂತ ನನ್ನ ಕತ್ರಿಸಿ ಒಲೆಗಾಕಬ್ಯಾಡ."

"ಅಯ್ಯೋ, ಇಲ್ರಿ."

"ಈಗಿನ ಹುಡುಗ್ರ ಕೈಯಾಗೆ ಕತ್ರಿ ಜಾಸ್ತಿ" ಎಂದು ನಕ್ಕರು.

ವಾಪಸು ಬಂದ ದಿನ ಅತ್ತೆ ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ಅರೆದು ತಾವೇ ಸರಿ ಕಾಯಿಸಿದರು. ಆರುವ ತನಕ ಬಿಟ್ಟರು. ಫೋಟೋದ ನಾಲ್ಕು ಮೂಲೆಗೆ, ಅದೂ ಹಿಂದುಗಡೆ ಮಾತ್ರ, ಕಿರುಬೆರಳಿಂದ ಮುಟ್ಟಿಸಿದರು. ನಾನು ದೂರ ಕೂತು, ಹಿಂದಕ್ಕೆ ಹಾಕುವ ರಟ್ಟು ಹಿಡಿದುಕೊಂಡಿದ್ದೆ. ಗಾಜು ಸರಿಯಾಗಿ ಕೂತಿತು. ಇವರು ತಾವೇ ಗೂಟ ಹೊಡೆದು ನಡುವೆ ತೂಗುಹಾಕಿದರು.

ಆಮೇಲೆ ಹೊಸ ಪೇಚು ಬಂತು. ತೀರಿಕೊಂಡವರ ಪಟಕ್ಕೆ ಹಾರ ಹಾಕಬೇಕು. ಅತ್ತೆ ಕಾಕಡದ ಹೂ ಕಟ್ಟಿಸಿ ಇಟ್ಟಿದ್ದರು. ನಾನು ಹಾರ ಹಿಡಿದು ನಿಂತಾಗ ಅವರೇ ತಡೆದರು.

"ತಡಿ. ಸಾಬ್ರು ಬದುಕವ್ರಲ್ಲೇ."

ಬದುಕಿರುವವರ ಪಟಕ್ಕೆ ಹಾರ ಹಾಕುವುದೆಂದರೆ ಅವರ ಸಾವು ಬಯಸಿದ ಹಾಗೆ. ಕತ್ತರಿಸುವುದಿಲ್ಲ ಅಂತ ಮಾತು ಕೊಟ್ಟಾಗಿತ್ತು. ಕಟ್ಟಿನ ಮೇಲೆ ಹಾಕಿದರೆ ಇಬ್ಬರಿಗೂ ಬೀಳುತ್ತದೆ. ಬಲಗಡೆ ಮಾತ್ರ ಇಳಿಬಿಡೋಣ ಅಂದರೆ ಜಾರಿ ನಡುವಿಗೆ ಬರುತ್ತಿತ್ತು. ಅತ್ತೆ, ನಾನು, ಇವರು ಮೂವರೂ ಕುತ್ತಿಗೆ ಓರೆ ಮಾಡಿ ಯೋಚಿಸಿದೆವು. ಕೊನೆಗೆ ಒಂದೇ ಒಂದು ಹೂವನ್ನು ಬಲಗಡೆಯ ಮೂಲೆಯಲ್ಲಿ ನೂಲಿಗೆ ಸಿಕ್ಕಿಸುವುದು ಅಂತಾಯಿತು. ಉಳಿದ ಹಾರ ಲಕ್ಷ್ಮಿಗೆ ಹೋಯಿತು. ಗಂಧವನ್ನೂ ಮಾವನ ಹಣೆಯ ನೇರಕ್ಕೆ ಗಾಜಿನ ಮೇಲೆ ಸಣ್ಣಗೆ ಇಟ್ಟೆ, ಆಚೆಗೆ ಸಿಡಿಯದ ಹಾಗೆ.

ಆ ರಾಗಿ ಸುಗ್ಗಿಯ ನಂತರದ ಒಂದು ಸಂತೆಗೆ ಸಾಹೇಬರು ಕಂಬಳಿ ಕೊಳ್ಳಲು ಚಳ್ಳಕೆರೆಗೆ ಬಂದವರು ಮನೆಗೂ ಬಂದರು. ಪಡಸಾಲೆಯಲ್ಲಿ ಚಾಪೆ ಹಾಸಿದೆ. ಅವರು ಕೂರುವ ಮೊದಲು ಗೋಡೆಯ ಹತ್ತಿರ ಹೋಗಿ ಒಂದೊಂದೇ ಪಟ ನೋಡಿದರು. ಹುಲಿ ನೋಡಿದರು, ಹಡಗು ನೋಡಿದರು. ನಡುವಿನದಕ್ಕೆ ಬಂದು ನಿಂತರು. ಮೂಲೆಯ ಹೂ ಕಂಡು, "ನಂದು ಇನ್ನೂ ಪಾಳಿ ಬಂದಿಲ್ಲ ಅನ್ನು" ಅಂದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು.

ಇವರು ಮಜ್ಜಿಗೆ ಲೋಟ ಕೊಡುತ್ತಾ, ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಮಾತು ಕೇಳಿದರು. "ಪಟದಾಗೆ ಅಪ್ಪ ಯಾಕ್ರಿ ಅಷ್ಟು ಸಿಟ್ನಾಗೆ ಕುಂತವ್ರೆ? ಚಿಕ್ಕೋನಿದ್ದಾಗ ನನ್ ಮ್ಯಾಲೆ ಸಿಟ್ಟು ಅಂದ್ಕಂಡಿದ್ದೆ."

"ಸಿಟ್ಟಾ?" ಸಾಹೇಬರು ಲೋಟ ಕೆಳಗಿಟ್ಟರು. "ಕೆಂಪಿರುವೆ ಬೇಟಾ. ಗುಡಾರದ ತುಂಬ ಕೆಂಪಿರುವೆ. ಅಲ್ಲಾಡಿದ್ರೆ ಕೆಟ್ಟೋಗ್ತೈತೆ ಅಂದಿದ್ದ ಫೋಟೋದವನು. ಪಂಚೆ ಒಳಗೆ ಒಂದು ಹತ್ತಿತ್ತು. ಹಲ್ಲು ಕಚ್ಕೊಂಡು ಕುಂತ ನಿಮ್ಮಪ್ಪ. ಫೋಟೋ ಮುಗೀತಿದ್ದಂಗೆ ಎದ್ದು ಕುಣಿದ ನೋಡು, ಸಂತೆ ಜನ ಎಲ್ಲಾ ಸೇರಿಬಿಟ್ರು."

"ಸಂಜಿಕೆ ಎಣ್ಣೆ ಹಚ್ಚಿದ್ದು ನಾನು" ಎಂದರು ಅತ್ತೆ ಬಾಗಿಲ ಹಿಂದಿನಿಂದ. "ತೊಡೆ ಇಷ್ಟಗಲ ಊದಿತ್ತು."

ಇವರು ಎದ್ದು ಗೋಡೆಯ ಹತ್ತಿರ ಹೋದರು. ಗಾಜಿಗೆ ಉಸಿರು ತಾಗುವಷ್ಟು ಹತ್ತಿರ. ಮಾವನ ಬಲಗೈ ಮೊಣಕಾಲ ಮೇಲಿನ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಅಷ್ಟು ವರ್ಷ ಮುಖ ಮಾತ್ರ ನೋಡಿದ್ದ ಇವರು ಅದನ್ನು ಗಮನಿಸಿರಲೇ ಇಲ್ಲ.

"ಹೌದಲ್ಲೇ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. "ಕೈ ನೋಡು."