ಯಾರಿಗೂ ಅಲ್ಲದ ಹೊದಿಕೆ

ಸೈಕಲ್ ರಿಪೇರಿ ಅಂಗಡಿಯ ಮುಂದೆ ಬಿದ್ದ ಚಕ್ರದ ಕಡ್ಡಿ ಕಂಡರೆ ಈ ವಯಸ್ಸಿನಲ್ಲೂ ನನ್ನ ಕಾಲು ನಿಲ್ಲುತ್ತದೆ. ಮೊನ್ನೆ ಬಗ್ಗಿ ಒಂದನ್ನು ಎತ್ತಿಕೊಂಡೇಬಿಟ್ಟೆ. "ಅದನ್ನ ತಗೊಂಡು ಏನ್ ಮಾಡ್ತೀರಿ ಅಮ್ಮಾ?" ಎಂದ ಅಂಗಡಿಯವನು. ಅವನಿಗೆ ಗಿರಾಕಿಗಳಿದ್ದರು. ಕೂತು ಕೇಳುವ ಪುರುಸೊತ್ತು ನಿಮಗಿದ್ದರೆ ನಿಮಗೆ ಹೇಳುತ್ತೇನೆ.

ನಾನು ಹೆಣಿಗೆ ಕಲಿತದ್ದು ಅಂಥ ಕಡ್ಡಿಗಳಲ್ಲೇ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವುಗಳ ತುದಿಯನ್ನು ಅಂಗಳದ ಶಹಾಬಾದ್ ಕಲ್ಲಿಗೆ ಉಜ್ಜಿ ನಯ ಮಾಡಿಕೊಂಡಿದ್ದೆ. ವಾಡಿಯ ಸೆಕೆ ಗೊತ್ತಿದ್ದವರು ಇಲ್ಲಿಗೇ ನಗಬೇಕು. ನೆಲಕ್ಕೆ ನೀರು ಚೆಲ್ಲಿ ಮಲಗುವ ಊರಿನಲ್ಲಿ ಉಣ್ಣೆ! ರೈಲ್ವೆ ಗುಮಾಸ್ತರಾಗಿದ್ದ ನಮ್ಮವರು, "ಇದನ್ನ ಹೊದೀಲಿಕ್ಕೆ ಕಾಶ್ಮೀರಕ್ಕ ವರ್ಗ ಕೇಳ್ಲೇನು?" ಎಂದು ಕಾಡುತ್ತಿದ್ದರು.

ಆದರೆ ಅದು ತಮಾಷೆಗೆ ಶುರುವಾದದ್ದಲ್ಲ. ನನ್ನ ಮೊದಲ ಕೂಸು ಉಳಿದಿರಲಿಲ್ಲ. ಮತ್ತೆ ಬಸುರಿಯಾದಾಗ ಕೈ ಖಾಲಿ ಇಟ್ಟುಕೊಂಡು ಕೂರಲಾಗುತ್ತಿರಲಿಲ್ಲ. ಕೂತರೆ ಅದೇ ಭಯ. ಒಂದು ಅಂಗಿಯನ್ನಾದರೂ ಹೊಲಿಯೋಣವೆಂದರೆ, ಕುರಕುಂಟಾದಿಂದ ಬಂದಿದ್ದ ಅತ್ತೆ ಸೂಜಿಯ ಡಬ್ಬಿಯನ್ನೇ ಎತ್ತಿಟ್ಟುಬಿಟ್ಟರು. "ಹುಟ್ಟೂಕಿಂತ ಮೊದಲ ಕೂಸಿನ ಹೆಸರ್ಲೆ ಏನೂ ಹೊಲೀಬಾರ್ದು," ಎಂದರು. ಓಣಿಗೆಲ್ಲ ಹಳೆ ಬಟ್ಟೆಯ ಕೌದಿ ಹೊಲಿದುಕೊಡುವ ಹೆಂಗಸು ಹೀಗೆ ಹೇಳಿದರೆ ನನಗೆ ಸಿಟ್ಟು ಬಾರದೆ ಇರುತ್ತದೆಯೇ?

ದಾರಿ ಹುಡುಕಿದವರು ಪಕ್ಕದ ಮನೆಯ ಕಮಲಾವೈನಿ, ಗಾರ್ಡ್ ಸಾಹೇಬರ ಹೆಂಡತಿ. "ಕೂಸಿಗಂತ ಯಾಕ ಹಾಕ್ತಿ? ಹೆಣಿಗಿ ನಮೂನಿ ಕಲೀಲಿಕ್ಕಂತ ಹಾಕು. ಒಂದೊಂದು ನಮೂನಿಗಿ ಒಂದೊಂದು ಚೌಕ. ಕಲಿಯೂದಕ್ಕ ಯಾರು ಬ್ಯಾಡಂತಾರ?"

ಸೀದಾ, ಉಲ್ಟಾ ಎಂಬ ಎರಡೇ ಹೆಣಿಗೆಯಲ್ಲಿ ಇಡೀ ವಿದ್ಯೆ ಅಡಗಿದೆ ಎಂದು ವೈನಿ ಹೇಳಿದಾಗ, ಇಷ್ಟೇನಾ ಅಂದುಕೊಂಡೆ. ಸಾಲುಸಾಲಿಗೂ ಕುಣಿಕೆ ಹೆಚ್ಚಾಗಿ ನನ್ನ ಮೊದಲ ಚೌಕ ಜೋಳ ಕೇರುವ ಮೊರದಂತೆ ಒಂದು ಕಡೆ ಅಗಲವಾಯಿತು. ಎರಡನೆಯದು ಕಾಳುಕಾಳಾಗಿ ಉಬ್ಬುವ ಸಾಬೂದಾಣಿ ನಮೂನೆ. ಆಮೇಲೆ ಜಾಳಿಗೆ. ಜಡೆ ನಮೂನೆಗೆ ಕೆಲವು ಕುಣಿಕೆಗಳನ್ನು ಮೂರನೆಯ ಕಡ್ಡಿಯಲ್ಲಿ ಕಾಯಲು ಬಿಟ್ಟು, ಪಕ್ಕದವನ್ನು ಮೊದಲು ಹೆಣೆಯಬೇಕು. ಹಾಗೆ ಮಾಡುವಾಗ ಒಂದು ಕುಣಿಕೆ ಜಾರಿ ಸರಸರನೆ ಕೆಳಗಿಳಿಯತೊಡಗಿತು. ನಾನು ಅತ್ತೇಬಿಟ್ಟೆ. ವೈನಿ ಅವಸರ ಮಾಡದೆ, ತಲೆಯಿಂದ ಪಿನ್ನು ತೆಗೆದು ಅದರಲ್ಲಿ ಕುಣಿಕೆಯನ್ನು ಹಿಡಿದು, ಒಂದೊಂದೇ ಸಾಲು ಮೇಲೆತ್ತಿದರು. "ಜಾರಿದ್ದೆಲ್ಲಾ ಹೋಗಂಗಿಲ್ಲ, ಅಳಬ್ಯಾಡ," ಎಂದರು. ನಾನು ಯಾವುದಕ್ಕೆ ಅಳುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

ಸಂಜೆಯಾದರೆ ಅತ್ತೆಯ ವಿಚಾರಣೆ.

"ಯಾರಿಗದು?"

"ಯಾರಿಗೂ ಅಲ್ರಿ ಅತ್ತಿ. ಕಲೀಲಿಕತ್ತೀನಿ."

"ಕಲಿ, ಕಲಿ. ಕೂಡಿಸಿ ಹೊಲೀಬ್ಯಾಡ ಮತ್ತ."

ಚೌಕಗಳು ಬಿಡಿಬಿಡಿಯಾಗಿಯೇ ಟ್ರಂಕಿನ ಮೇಲೆ ಬೆಳೆದವು. ಇಬ್ಬರೂ ಸುಳ್ಳು ಹೇಳುತ್ತಿದ್ದೇವೆಂದು ಇಬ್ಬರಿಗೂ ತಿಳಿದಿತ್ತು.

ಶ್ರಾವಣದಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯ ಗೋಡೆ ನಡುಗುವಂತೆ ಅತ್ತಳು. ಅತ್ತೆ ಅವಳ ಮುಖ ನೋಡಿ, ತಟ್ಟನೆ ಎದ್ದು ಹೋದರು. ಹೆಣ್ಣೆಂದು ಬೇಸರವಾಯಿತೇನೋ ಎಂದು ನಾನು ಕೊರಗಿದೆ. ಮನೆಗೆ ಬಂದು ನೋಡಿದರೆ ಅತ್ತೆ ಹೊಸ್ತಿಲ ಬಳಿ ಕೂತು, ಕೌದಿಯ ದಪ್ಪ ದಾರದಲ್ಲಿ ಚೌಕಗಳನ್ನೆಲ್ಲ ಕೂಡಿಸಿ ಹೊಲಿಯುತ್ತಿದ್ದಾರೆ. ನನ್ನ ಸೊಟ್ಟ ಚೌಕವನ್ನೂ ಬಿಟ್ಟಿರಲಿಲ್ಲ.

"ಈಗ ಯಾರಿಗ್ರಿ ಅದು?" ಎಂದು ನಕ್ಕೆ.

ಅತ್ತೆ ನಗಲಿಲ್ಲ. "ನಿನ್ನ ಗಂಡನಕಿಂತ ಮೊದಲ ನನಗ ಎರಡು ಕೂಸು ಆಗಿದ್ವು. ಎರಡಕ್ಕೂ ಮೊದಲೇ ಕೌದಿ ಹೊಲಿದಿಟ್ಟಿದ್ದೆ. ಕೌದಿ ಉಳದ್ವು." ಸೂಜಿ ಒಂದು ಹೊಲಿಗೆ ಮುಂದೆ ಹೋಯಿತು. "ಆ ಕೌದಿ ನಾ ಏನ್ಮಾಡಬೇಕಿತ್ತು ಯವ್ವಾ?"

ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಅವರ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟೆ.

ಆ ಮಗಳ ಮಗಳು ಈಗ ಬಸುರಿ. ಓದಿದವಳು. ಡಾಕ್ಟರು ಕೂಡ ಎಲ್ಲ ಸರಿ ಇದೆ ಎಂದಿದ್ದಾರೆ. ನಿನ್ನೆ ಪಕ್ಕದಲ್ಲಿ ಕೂತು, ಫೋನಿನಲ್ಲಿ ಬೆರಳುದ್ದದ ಅಂಗಿಗಳನ್ನು ತೋರಿಸುತ್ತ, "ಅಜ್ಜಿ, ಯಾವ ಬಣ್ಣದ್ದು ತರಸ್ಲಿ?" ಎಂದಳು.

"ಈಗ ಬ್ಯಾಡ, ತಡಿ," ಎಂದೆ.

"ಅಯ್ಯ, ನೀನೂ ಇದನ್ನೆಲ್ಲ ನಂಬ್ತಿ?"

"ನಂಬಂಗಿಲ್ಲ," ಎಂದೆ. ನಿಜವಾಗಿಯೂ ನಂಬುವುದಿಲ್ಲ. ಆದರೂ ಅವಳ ಕೈಯಿಂದ ಫೋನು ತೆಗೆದುಕೊಂಡು, ಆ ಅಂಗಿಗಳು ಕಾಣದಂತೆ ಹಾಸಿಗೆಯ ಮೇಲೆ ಮಗುಚಿ ಇಟ್ಟೆ.